ದಿನಕ್ಕೆ 3,000 ಲೀಟರ್ ನೀರು ಕಳೆಯುತ್ತಿದ್ದ ಈಜುಕೊಳ: ಒಂದು ಇನ್ಫಿನಿಟಿ ಪೂಲ್‌ನ ಪ್ರಕರಣ

ಮಲೆನಾಡಿನ ಒಂದು ಕಾಫಿ ತೋಟ, ಅದರೊಳಗೊಂದು ಹೋಂಸ್ಟೇ. ಊರು, ಹೆಸರು, ಗುರುತು ಸಿಗುವ ವಿವರ ಯಾವುದನ್ನೂ ಇಲ್ಲಿ ಬರೆಯುತ್ತಿಲ್ಲ. ಯಜಮಾನರು ಒಪ್ಪಿದ ಮೇಲೇ ಬರೆಯುತ್ತಿದ್ದೇನೆ. ನಾವು ಮಾಡಿದ ತಪ್ಪನ್ನೂ ಮುಚ್ಚಿಟ್ಟಿಲ್ಲ, ಯಾಕೆಂದರೆ ಇಂಥ ಕೊಳದ ಕೆಲಸಕ್ಕೆ ಕೈ ಹಾಕುವವರಿಗೆ ಜಾಸ್ತಿ ಉಪಯೋಗಕ್ಕೆ ಬರುವುದು ಆ ತಪ್ಪೇ.

ಮೊದಲು ಕೊಳದ ಬಗ್ಗೆ. 12 ಮೀಟರ್ ಉದ್ದ, 5 ಮೀಟರ್ ಅಗಲ, ಸರಾಸರಿ 1.2 ಮೀಟರ್ ಆಳ. ಅಂದರೆ ಸುಮಾರು 72,000 ಲೀಟರ್ ನೀರು. ಗುಡ್ಡದ ಇಳಿಜಾರಿನಲ್ಲಿ ಕಟ್ಟಿದ್ದಾರೆ. ಕಣಿವೆ ಕಡೆಯ 12 ಮೀಟರ್ ಉದ್ದದ ಗೋಡೆಯೇ ಇನ್ಫಿನಿಟಿ ಅಂಚು. ನೀರು ಆ ಗೋಡೆಯ ಮೇಲಿಂದ ತೆಳ್ಳಗೆ ಹರಿದು ಆಚೆ ಬದಿಯ ತೊಟ್ಟಿಗೆ ಬೀಳುತ್ತದೆ, ಅಲ್ಲಿಂದ ಪಂಪ್ ಅದನ್ನು ಮತ್ತೆ ಕೊಳಕ್ಕೆ ಎತ್ತುತ್ತದೆ. ಕೊಳದೊಳಗೆ ನಿಂತು ನೋಡಿದರೆ ಅಂಚೇ ಕಾಣುವುದಿಲ್ಲ, ನೀರು ನೇರ ಕಾಡಿಗೆ ಸೇರಿದ ಹಾಗೆ ಇರುತ್ತದೆ.

ಸಾಮಾನ್ಯ ಕೊಳಗಳಲ್ಲಿ ನೀರು ಅಂಚಿನ ಕಲ್ಲಿಗಿಂತ ನಾಲ್ಕೈದು ಇಂಚು ಕೆಳಗೆ ನಿಂತಿರುತ್ತದೆ, ಗೋಡೆಯಲ್ಲಿರುವ ಸ್ಕಿಮ್ಮರ್ ಬಾಯಿ ಮೇಲಿನ ಕಸ ಎಳೆದುಕೊಳ್ಳುತ್ತದೆ. ಸ್ಪರ್ಧೆಗಳು ನಡೆಯುವ ಕೊಳಗಳಲ್ಲಿ ನೀರು ನೆಲದ ಮಟ್ಟಕ್ಕೇ ಇದ್ದು, ಪಕ್ಕದ ಜಾಲರಿ ಕಾಲುವೆಗೆ ಚೆಲ್ಲುತ್ತದೆ. ಅಲೆ ಗೋಡೆಗೆ ಬಡಿದು ವಾಪಸ್ ಬರುವುದು ಕಡಿಮೆಯಾಗಲಿ ಎನ್ನುವುದು ಅದರ ಒಂದು ಉದ್ದೇಶ. ಇನ್ಫಿನಿಟಿ ಅಂಚು ಇದೇ ಜಾತಿಯದು, ಆದರೆ ಚೆಲ್ಲುವುದು ಒಂದೇ ಬದಿಯಲ್ಲಿ, ಆ ಬದಿ ಕಣ್ಣಿಗೆ ಬೀಳದ ಹಾಗೆ.

ನಮ್ಮ ಜೊತೆಗಿದ್ದ ಗಾರೆ ಮೇಸ್ತ್ರಿ ಮೊದಲ ದಿನವೇ ಅದನ್ನು "ಕೋಡಿ" ಎಂದು ಕರೆದರು. ಸರಿಯಾದ ಮಾತು. ಕೆರೆ ತುಂಬಿದಾಗ ಹೆಚ್ಚುವರಿ ನೀರು ಹೋಗುವ ಜಾಗ ಕೋಡಿ ಅಲ್ವಾ? ಒಂದೇ ವ್ಯತ್ಯಾಸ. ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ ಹೋಗಿ ಅಲ್ಲೇ ನಿಲ್ಲುತ್ತದೆ. ಇಲ್ಲಿ ಅದು ಮತ್ತೆ ಮೇಲಕ್ಕೆ ಬರಬೇಕು. ಈ ವ್ಯತ್ಯಾಸದ ಅರ್ಥ ನಮಗೆ ತಲೆಗೆ ಹತ್ತಲು ಒಂದು ತಿಂಗಳು ಹಿಡಿಯಿತು.

ದೂರು ಬಂದಾಗ

ಕೊಳ ಶುರುವಾಗಿದ್ದು ನವೆಂಬರ್‌ನಲ್ಲಿ. ನಮ್ಮನ್ನು ಕರೆದಿದ್ದು ಫೆಬ್ರವರಿಯಲ್ಲಿ. ಕಟ್ಟಿದವರು ಬೇರೆ, ಅವರು ಆಗಲೇ ಕೆಲಸ ಮುಗಿಸಿ ಹೋಗಿದ್ದರು. ಯಜಮಾನರ ದೂರು ಎರಡು. ಒಂದು, ಕೊಳಕ್ಕೆ ದಿನಾ ನೀರು ಬೇಕು, ಶನಿವಾರ ಭಾನುವಾರವಂತೂ ಲೆಕ್ಕವೇ ಇಲ್ಲ. ಎರಡು, ಕೊಳದ ಕೆಳಗಿನ ಒಂದು ಸಾಲು ಕಾಫಿ ಗಿಡ ಹಳದಿಯಾಗುತ್ತಿದೆ.

ಫೆಬ್ರವರಿ, ಮಾರ್ಚ್ ಅಂದರೆ ಕಾಫಿ ತೋಟದಲ್ಲಿ ನೀರಿಗೆ ಚಿನ್ನದ ಬೆಲೆ. ಹೂಮಳೆ ಬರದಿದ್ದರೆ ಸ್ಪ್ರಿಂಕ್ಲರ್ ಹಾಕಿ ಹೂವು ಬಿಡಿಸಬೇಕು. ತೋಟದ ಕೆರೆಯಲ್ಲಿ ಇರುವುದೇ ಅಷ್ಟು. ಆ ಹೊತ್ತಲ್ಲಿ ಈಜುಕೊಳ ಒಂದು ಕಡೆಯಿಂದ ಕುಡಿಯುತ್ತಾ ಕೂತರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಯಜಮಾನರು ನೇರವಾಗಿ ಹೇಳಿದರು: "ನೋಡಿ ಸರ್, ಗೆಸ್ಟ್‌ಗಳಿಗೆ ಪೂಲ್ ಬೇಕು, ನಿಜ. ಆದ್ರೆ ಗಿಡಕ್ಕೆ ನೀರಿಲ್ಲ ಅಂತಾದ್ರೆ ನಾನು ಪೂಲ್ ಮುಚ್ಚಿಬಿಡ್ತೀನಿ."

ನಾವು ಸೋರಿಕೆ ಎಂದು ತೀರ್ಮಾನ ಮಾಡಿಬಿಟ್ಟೆವು. ನೀರು ಕಡಿಮೆಯಾಗುತ್ತಿದೆ, ಕೆಳಗಿನ ಮಣ್ಣು ಒದ್ದೆಯಿದೆ, ಇನ್ನೇನಿರುತ್ತದೆ? ಕೊಳ ಖಾಲಿ ಮಾಡಿಸಿದೆವು. ಮೂಲೆಗಳಲ್ಲಿ, ಪೈಪ್ ಗೋಡೆ ದಾಟುವ ಕಡೆಗಳಲ್ಲಿ ಟೈಲ್ ತೆಗೆದು ಹೊಸದಾಗಿ ವಾಟರ್‌ಪ್ರೂಫಿಂಗ್ ಮಾಡಿಸಿದೆವು. 72,000 ಲೀಟರ್ ನೀರು ಸುಮ್ನೆ ಹೋಯಿತು. ಮತ್ತೆ ತುಂಬಿಸಿ, ಕೊಳ ಶುರು ಮಾಡಿ, ಒಂದು ವಾರ ಕಾದೆವು. ನೀರು ಮೊದಲಿನ ಹಾಗೇ ಕಳೆಯುತ್ತಿತ್ತು.

ಇದು ನನಗೆ ಇವತ್ತಿಗೂ ಬೇಜಾರು ತರುವ ವಿಷಯ. ಒಂದು ಬಕೆಟ್ ಇಟ್ಟು ನೋಡಿದ್ದರೆ ಸಾಕಿತ್ತು. ಬಕೆಟ್‌ಗೆ ಕೊಳದ ನೀರೇ ತುಂಬಿ, ಕೊಳದ ಮೆಟ್ಟಿಲ ಮೇಲೆ ಇಟ್ಟು, ಒಳಗಿನ ಮಟ್ಟ ಹೊರಗಿನ ಮಟ್ಟ ಎರಡನ್ನೂ ಗುರುತು ಮಾಡಿ, ಪಂಪ್ ನಿಲ್ಲಿಸಿ 24 ಗಂಟೆ ಬಿಡಬೇಕು. ಎರಡೂ ಸಮ ಇಳಿದಿದ್ದರೆ ಅದು ಬರೀ ಆವಿ. ಹೊರಗೆ ಜಾಸ್ತಿ ಇಳಿದಿದ್ದರೆ ಸೋರಿಕೆ. ಕೊಳ ಖಾಲಿ ಮಾಡಿಸಿದ ಮೇಲೆ, ಎಲ್ಲ ಮುಗಿದ ಮೇಲೆ ನಾವು ಇದನ್ನು ಮಾಡಿದೆವು. ಎರಡೂ ಸಮ ಇಳಿದಿತ್ತು, ಸುಮಾರು 5 ಮಿಲಿಮೀಟರ್. ಕೊಳದ ಮೇಲ್ಮೈ 60 ಚದರ ಮೀಟರ್, ಹಾಗಾಗಿ ಅದು ಬರೀ 300 ಲೀಟರ್. ಪಂಪ್ ನಿಂತಾಗ ಪೈಪಿನಲ್ಲಿ ನೀರು ವಾಪಸ್ ತೊಟ್ಟಿಗೆ ಇಳಿಯುತ್ತಿದೆಯೇ ಎಂಬ ಅನುಮಾನವೂ ಇತ್ತು. ಕೊಳ ಮೇಲೆ, ತೊಟ್ಟಿ ಕೆಳಗೆ, ನೀರು ಹಿಂದಕ್ಕೆ ಬರದಂತೆ ತಡೆಯುವ ವಾಲ್ವ್ (ಎನ್‌ಆರ್‌ವಿ) ಕೈಕೊಟ್ಟರೆ ಹಾಗಾಗುತ್ತದೆ. ಅದೂ ಇಲ್ಲ ಎಂದು ಇದೇ ಪರೀಕ್ಷೆ ಹೇಳಿತು.

ಅಂದರೆ ನಿಂತ ಕೊಳದಲ್ಲಿ ನೀರು ಕಳೆಯುತ್ತಿರಲಿಲ್ಲ. ಓಡುವ ಕೊಳದಲ್ಲಿ ಕಳೆಯುತ್ತಿತ್ತು.

ರೈಟರ್ ಪುಸ್ತಕ

ಕಾಫಿ ತೋಟದಲ್ಲಿ ಕೂಲಿಯವರ ಲೆಕ್ಕ, ಕೆಲಸದ ಉಸ್ತುವಾರಿ ನೋಡಿಕೊಳ್ಳುವವರನ್ನು ರೈಟರ್ ಅನ್ನುತ್ತಾರೆ. ಈ ತೋಟದ ರೈಟರ್ ಬಹಳ ವರ್ಷದಿಂದ ಅಲ್ಲೇ ಇದ್ದವರು. ಒಂದು ಸಂಜೆ ಅವರು ಹೀಗೆ ಹೇಳಿದರು: "ಸರ್, ಆ ಸಾಲಿನ ಮಣ್ಣು ಯಾವಾಗಲೂ ಒದ್ದೆ ಇರಲ್ಲ. ಕರೆಂಟ್ ಹೋಗಿ ಬಂದ ಮೇಲೆ ಒದ್ದೆ ಆಗುತ್ತೆ."

ನಾನು ಮೊದಲು ಅಷ್ಟು ಗಮನ ಕೊಡಲಿಲ್ಲ. ಅವರು ಬಿಡಲಿಲ್ಲ. ಸ್ಪ್ರಿಂಕ್ಲರ್ ಮೋಟಾರ್‌ಗಾಗಿ ಕರೆಂಟ್ ಬಂದ ಹೊತ್ತು, ಹೋದ ಹೊತ್ತು ಎಲ್ಲವನ್ನೂ ಅವರು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಅದನ್ನು ತಂದು ತೋರಿಸಿದರು. ನಾವು ಕೊಳಕ್ಕೆ ನೀರು ತುಂಬುವ ಪೈಪಿಗೆ ಒಂದು ವಾಟರ್ ಮೀಟರ್ ಹಾಕಿಸಿ, ಹತ್ತು ದಿನ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆವು. ಕರೆಂಟ್ ಒಮ್ಮೆಯೂ ಹೋಗದ ದಿನ ಕೊಳ ಕಡಿಮೆ ನೀರು ತೆಗೆದುಕೊಂಡಿತ್ತು. ಐದಾರು ಸಲ ಹೋಗಿ ಬಂದ, ಅದರ ಜೊತೆಗೆ ಅತಿಥಿಗಳೂ ತುಂಬಿದ್ದ ಶನಿವಾರ, ಮೀಟರ್ 3,000 ಲೀಟರ್ ದಾಟಿತ್ತು.

ಈ ಇಡೀ ಪ್ರಕರಣ ತಿರುಗಿದ್ದು ಅಲ್ಲಿ. ನಮ್ಮ ಯಾವ ಉಪಕರಣವೂ ಅದನ್ನು ಹಿಡಿದಿರಲಿಲ್ಲ.

ಮರುದಿನ ಪಂಪ್ ಓಡುತ್ತಿರುವಾಗ ಬೇಕೆಂದೇ ಸ್ವಿಚ್ ಆಫ್ ಮಾಡಿ ತೊಟ್ಟಿಯ ಪಕ್ಕ ಕೂತೆವು. ಅಂಚಿನ ಮೇಲೆ ನಿಂತಿದ್ದ ನೀರು ಒಂದೇ ಸಮ ತೊಟ್ಟಿಗೆ ಇಳಿಯಿತು. ತೊಟ್ಟಿಯ ಮಟ್ಟ ಏರಿತು. ನೋಡನೋಡುತ್ತಿದ್ದಂತೆ ಓವರ್‌ಫ್ಲೋ ಪೈಪಿನ ಬಾಯಿ ತಲುಪಿತು, ಒಳಗೆ ನುಗ್ಗಿತು. ಆ ಪೈಪ್ ಮಣ್ಣಿನೊಳಗೆ ಹೋಗಿ, ಪೊದೆಯ ಮರೆಯಲ್ಲಿ, ಸರಿಯಾಗಿ ಆ ಕಾಫಿ ಸಾಲಿನ ನೆತ್ತಿಯಲ್ಲಿ ಬಾಯಿ ಬಿಟ್ಟಿತ್ತು. ಮೇಲಿಂದ ನೋಡಿದರೆ ಯಾರಿಗೂ ಕಾಣುವುದಿಲ್ಲ. ಐದು ನಿಮಿಷ ಬಿಟ್ಟು ಪಂಪ್ ಹಾಕಿದೆವು. ತೊಟ್ಟಿಯ ನೀರು ಮೇಲೆ ಹೋಯಿತು, ಮಟ್ಟ ಇಳಿಯಿತು, ಫ್ಲೋಟ್ ವಾಲ್ವ್ ತೆರೆದು ಕೆರೆಯ ಹೊಸ ನೀರು ಸುರಿಯತೊಡಗಿತು.

ಒಂದರ ಮೇಲೊಂದು ತೇಪೆ

ಆಮೇಲೆ ಹಿಂದಕ್ಕೆ ಹೋಗುತ್ತಾ ಕೇಳಿದೆವು, ಇದು ಹೀಗೆ ಯಾಕಾಯಿತು ಎಂದು. ಉತ್ತರ ಒಂದೇ ಜಾಗದಲ್ಲಿ ಇರಲಿಲ್ಲ.

ಶುರುವಾಗಿದ್ದು ಅಂಚಿನಿಂದ. 12 ಮೀಟರ್ ಉದ್ದದಲ್ಲಿ ಅಂಚಿನ ಕಲ್ಲು ಒಂದು ತುದಿಯಿಂದ ಇನ್ನೊಂದು ತುದಿಗೆ 9 ಮಿಲಿಮೀಟರ್ ಇಳಿಜಾರಾಗಿತ್ತು. ಮನೆ ಕಟ್ಟುವಾಗ 12 ಮೀಟರ್‌ಗೆ 9 ಮಿಲಿಮೀಟರ್ ಅಂದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಈ ಅಂಚಿನ ಮೇಲೆ ಹರಿಯುವ ನೀರಿನ ದಪ್ಪವೇ 5 ಮಿಲಿಮೀಟರ್.

ಕೋಡಿ ಮೇಲೆ ಎಷ್ಟು ನೀರು ಹೋಗುತ್ತದೆ ಎನ್ನುವುದಕ್ಕೆ ಎಂಜಿನಿಯರ್‌ಗಳು ಬಳಸುವ ಹಳೆಯ ಫ್ರಾನ್ಸಿಸ್ ಸೂತ್ರ ಇದೆ. ನೀರಿನ ದಪ್ಪವನ್ನು ಮೀಟರ್‌ನಲ್ಲಿ ತೆಗೆದುಕೊಂಡು, ಅದನ್ನು ಅದರದೇ ವರ್ಗಮೂಲದಿಂದ ಗುಣಿಸಿ, ಅಂಚಿನ ಉದ್ದದಿಂದ ಗುಣಿಸಿ, ಮತ್ತೆ 1.84ರಿಂದ ಗುಣಿಸಿದರೆ ಸೆಕೆಂಡಿಗೆ ಎಷ್ಟು ಘನ ಮೀಟರ್ ಎಂದು ಸಿಗುತ್ತದೆ. ಇಷ್ಟು ತೆಳು ನೀರಿಗೆ ಅದು ಕರಾರುವಾಕ್ಕಾಗಿ ಹೊಂದುವುದಿಲ್ಲ, ಆದರೆ ಅಂದಾಜಿಗೆ ಸಾಕು. 5 ಮಿಲಿಮೀಟರ್ ದಪ್ಪಕ್ಕೆ 12 ಮೀಟರ್ ಅಂಚಿಗೆ ಗಂಟೆಗೆ ಸುಮಾರು 28,000 ಲೀಟರ್ ಬೇಕು. ಮೊದಲು ಹಾಕಿದ್ದ ಒಂದೂವರೆ ಎಚ್‌ಪಿ ಪಂಪ್ ಅಷ್ಟು ಕೊಡುತ್ತಿತ್ತು. ಅಂಚು ಮಟ್ಟವಾಗಿದ್ದಿದ್ದರೆ ಕಥೆ ಅಲ್ಲೇ ಮುಗಿಯುತ್ತಿತ್ತು.

ಮಟ್ಟ ಇರಲಿಲ್ಲವಲ್ಲ. ನೀರೆಲ್ಲ ತಗ್ಗಿನ ತುದಿಗೆ ಸರಿಯಿತು. ಎತ್ತರದ ತುದಿಯ ಮೂರು ನಾಲ್ಕು ಮೀಟರ್ ಕಲ್ಲು ಒಣಗಿಯೇ ಇತ್ತು. ಫೋಟೋದಲ್ಲಿ ಅದು ಎದ್ದು ಕಾಣುತ್ತಿತ್ತು. ಯಜಮಾನರಿಗೆ ಸಿಂಗಪುರದ ಮರೀನಾ ಬೇ ಸ್ಯಾಂಡ್ಸ್ ಹೋಟೆಲಿನ 57ನೇ ಮಹಡಿಯ 150 ಮೀಟರ್ ಉದ್ದದ ಕೊಳದ ಹಾಗೆ ಕಾಣಬೇಕು ಎಂಬ ಆಸೆ. ತಪ್ಪೇನಿಲ್ಲ. ಆದರೆ 2010ರಲ್ಲಿ ತೆರೆದ ಆ ಕೊಳದ ಕೆಳಗೆ, ಕಟ್ಟಡ ಸ್ವಲ್ಪ ಕುಸಿದರೆ ಮಟ್ಟ ಸರಿಮಾಡಿಕೊಳ್ಳಲು ಜ್ಯಾಕ್‌ಗಳನ್ನೇ ಇಟ್ಟಿದ್ದಾರೆ. ಮಟ್ಟಕ್ಕೆ ಅಷ್ಟು ಬೆಲೆ.

ಕಟ್ಟಿದವರು ಒಣ ಅಂಚಿಗೆ ಕಂಡುಕೊಂಡ ಪರಿಹಾರ ದೊಡ್ಡ ಪಂಪ್. ಒಂದೂವರೆ ಎಚ್‌ಪಿ ತೆಗೆದು ಮೂರು ಎಚ್‌ಪಿ ಹಾಕಿದರು. ನೀರು ಗಂಟೆಗೆ 54,000 ಲೀಟರ್ ಹತ್ತಿರ ಹೋಯಿತು. ಎತ್ತರದ ತುದಿಯಲ್ಲಿ 3 ಮಿಲಿಮೀಟರ್, ತಗ್ಗಿನ ತುದಿಯಲ್ಲಿ 12. ಅಂಚು ಪೂರ್ತಿ ಒದ್ದೆಯಾಯಿತು, ಫೋಟೋ ಚೆನ್ನಾಗಿ ಬಂತು. ಆದರೆ ಈಗ ಕೊಳದ ಇಡೀ ಮೇಲ್ಮೈ ತಗ್ಗಿನ ತುದಿಗಿಂತ 12 ಮಿಲಿಮೀಟರ್ ಮೇಲಿತ್ತು. ಪಂಪ್ ನಿಂತ ಕೂಡಲೇ ಆ 12 ಮಿಲಿಮೀಟರ್ ನೀರು, 60 ಚದರ ಮೀಟರ್‌ಗೆ 720 ಲೀಟರ್, ಅಷ್ಟೂ ಕೆಳಗಿಳಿಯಲೇಬೇಕು. ಈ ಕೆಲಸದಲ್ಲಿರುವವರು ಇದನ್ನು ದಾರಿಯಲ್ಲಿರುವ ನೀರು ಎನ್ನುತ್ತಾರೆ.

ದೊಡ್ಡ ಪಂಪ್ ಇನ್ನೊಂದು ತೊಂದರೆ ತಂದಿತು. ತೊಟ್ಟಿಯ ನೀರನ್ನು ಜೋರಾಗಿ ಎಳೆಯುವಾಗ ಸುಳಿ ಎದ್ದು ಗಾಳಿಯನ್ನೂ ಎಳೆಯತೊಡಗಿತು. ಕೊಳದೊಳಗೆ ಗುಳ್ಳೆ ಬರುತ್ತಿತ್ತು, ಪಂಪ್ ಕೂಗುತ್ತಿತ್ತು. ಅದಕ್ಕೆ ಯಾರೋ ಫ್ಲೋಟ್ ವಾಲ್ವನ್ನು ಮೇಲಕ್ಕೆ ಏರಿಸಿದರು, ತೊಟ್ಟಿಯಲ್ಲಿ ಯಾವಾಗಲೂ ನೀರು ತುಂಬಿರಲಿ ಎಂದು. ಗುಳ್ಳೆ ನಿಂತಿತು. ಆದರೆ ಫ್ಲೋಟ್‌ಗೂ ಓವರ್‌ಫ್ಲೋ ಬಾಯಿಗೂ ಈಗ ಬರೀ 50 ಮಿಲಿಮೀಟರ್ ಅಂತರ. ತೊಟ್ಟಿ 12 ಮೀಟರ್ ಉದ್ದ, 60 ಸೆಂಟಿಮೀಟರ್ ಅಗಲ. ಖಾಲಿ ಜಾಗ 360 ಲೀಟರ್. ಬರುವ ನೀರು 720. ಉಳಿದ 360 ಲೀಟರ್ ಪ್ರತಿ ಸಲ ಕಾಫಿ ಗಿಡದ ಬುಡಕ್ಕೆ.

ದಿನಕ್ಕೆ ಐದು ಸಲ ಕರೆಂಟ್ ಹೋದರೆ, ರಾತ್ರಿ ಒಮ್ಮೆ ನಿಲ್ಲಿಸಿದರೆ, ಆರು ಸಲ. 2,160 ಲೀಟರ್. ಇದರ ಮೇಲೆ ಜನ. 65 ಕೆಜಿ ಮನುಷ್ಯ ಪೂರ್ತಿ ಮುಳುಗಿದರೆ ಸುಮಾರು 65 ಲೀಟರ್ ನೀರು ಅಂಚು ದಾಟುತ್ತದೆ. ಹತ್ತು ಜನ ಒಟ್ಟಿಗೆ ಇಳಿದರೆ 650. ತೊಟ್ಟಿ 360 ಹಿಡಿದು 290 ಚೆಲ್ಲುತ್ತದೆ. ಅವರು ಎದ್ದು ಹೋದ ಮೇಲೆ ಫ್ಲೋಟ್ ಅಷ್ಟನ್ನೇ ಕೆರೆಯಿಂದ ತುಂಬಿಸುತ್ತದೆ. ಹೀಗೆ ಮೂರು ಗುಂಪು. ಮೀಟರ್ ತೋರಿಸಿದ ಲೆಕ್ಕಕ್ಕೂ ಇದಕ್ಕೂ ಹೆಚ್ಚು ಕಡಿಮೆ ತಾಳೆಯಾಯಿತು. ಕಾಗದದ ಮೇಲೆ ಅದು ಕೂಡಿದಾಗ ಆದ ಸಮಾಧಾನ ಹೇಳತೀರದು.

ಇಲ್ಲಿ ಕೆಲಸ ಗೊತ್ತಿಲ್ಲದವರು ಯಾರೂ ಇರಲಿಲ್ಲ. ಅಂಚು ಒಣಗಿದಾಗ ಪಂಪ್ ದೊಡ್ಡದು ಮಾಡುವುದು, ಗಾಳಿ ಎಳೆದಾಗ ಫ್ಲೋಟ್ ಏರಿಸುವುದು, ಒಂದೊಂದಾಗಿ ನೋಡಿದರೆ ನಾನೂ ಹಾಗೇ ಮಾಡುತ್ತಿದ್ದೆನೋ ಏನೋ. ಆದರೆ ಕೆಳಗಿನ ತೊಟ್ಟಿಯಲ್ಲಿ ಎಷ್ಟು ಜಾಗ ಇದೆ ಎಂದು ಯಾರೂ ಕೇಳಲಿಲ್ಲ. ಕೆಳಗಿನ ಕೆರೆಯನ್ನು ಮರೆತು ಕೋಡಿ ಕಟ್ಟಿದ ಹಾಗೆ.

ಏನು ಮಾಡಿದೆವು, ಯಾವುದನ್ನು ತಡೆದೆವು

ಆ ದಿನವೇ ಮಾಡಬಹುದಾಗಿದ್ದನ್ನು ಆ ದಿನವೇ ಮಾಡಿದೆವು. ಹಳೆಯ ಸಣ್ಣ ಪಂಪ್ ಸ್ಟೋರ್‌ನಲ್ಲೇ ಇತ್ತು, ಅದನ್ನು ವಾಪಸ್ ಹಾಕಿದೆವು. ಫ್ಲೋಟ್ ಇಳಿಸಿದೆವು. ಅಂಚಿನ ಪಂಪ್ ಸಂಜೆ ಹೊತ್ತು ಮೂರು ತಾಸು ಮಾತ್ರ ಓಡಿಸಲು ಹೇಳಿದೆವು. ಫಿಲ್ಟರ್‌ನ ಪಂಪ್ ಬೇರೆ ಇದ್ದದ್ದರಿಂದ ನೀರಿನ ಶುದ್ಧಿಗೆ ತೊಂದರೆ ಇರಲಿಲ್ಲ. ಅಂಚಿನ ಒಂದು ತುದಿ ಮತ್ತೆ ಒಣಗಿತು. ಯಜಮಾನರಿಗೆ ಇಷ್ಟವಾಗಲಿಲ್ಲ, ಆದರೆ ಕೆರೆಯ ನೀರು ಉಳಿಯುವುದು ಕಂಡು ಸುಮ್ಮನಾದರು.

ಅಂಚಿನ ಕಲ್ಲನ್ನು ತಕ್ಷಣ ಸರಿಮಾಡಿ ಎಂದು ಅವರು ಒತ್ತಾಯಿಸಿದರು. ನಾವು ಆಗುವುದಿಲ್ಲ ಎಂದೆವು. ಇದು ದೊಡ್ಡ ಜಗಳವಾಗುವ ಮಟ್ಟಕ್ಕೆ ಹೋಯಿತು. ನಮ್ಮ ಭಯ ಇಷ್ಟೇ: ಆ 9 ಮಿಲಿಮೀಟರ್ ಕಟ್ಟುವಾಗಲೇ ಆದ ತಪ್ಪೋ, ಅಥವಾ ಇಳಿಜಾರಿನ ತುಂಬಿಸಿದ ಮಣ್ಣು ಕೂರುತ್ತಿದೆಯೋ? ಎರಡನೆಯದಾದರೆ ಇವತ್ತು ಕಲ್ಲು ಸರಿಮಾಡಿದರೂ ಮಳೆಗಾಲ ಕಳೆದ ಮೇಲೆ ಮತ್ತೆ ವಾಲುತ್ತದೆ. ಒಂದು ಮಳೆಗಾಲ ನೋಡಲೇಬೇಕು ಎಂದು ಪಟ್ಟು ಹಿಡಿದೆವು.

ಅಳತೆ ಮಾಡಿದ ರೀತಿ ಹೇಳುತ್ತೇನೆ. ಒಂದು ಮೀಟರ್ ಉದ್ದದ ರಸಮಟ್ಟ ಇಟ್ಟುಕೊಂಡು 12 ಮೀಟರ್ ಅಳೆದರೆ ಪ್ರತಿ ಸಲದ ಚೂರು ತಪ್ಪೂ ಸೇರುತ್ತಾ ಹೋಗುತ್ತದೆ. ಮೊದಲು ಕಟ್ಟುವಾಗ ಹಾಗೇ ಆಗಿರಬೇಕು. ನಾವು ಕೊಳದ ನೀರನ್ನೇ ಮಟ್ಟ ಮಾಡಿಕೊಂಡೆವು. ನೀರನ್ನು ಅಂಚಿನಿಂದ ನಾಲ್ಕು ಇಂಚು ಕೆಳಗೆ ನಿಲ್ಲಿಸಿ, ಎಲ್ಲ ಪಂಪ್ ಬಂದ್ ಮಾಡಿ, ಗಾಳಿಯಿಲ್ಲದ ಬೆಳಗಿನ ಜಾವ, ಅಂಚಿನ ಕಲ್ಲಿನ ನೆತ್ತಿಯಿಂದ ನೀರಿನವರೆಗೆ ಅರ್ಧ ಮೀಟರ್‌ಗೊಂದು ಕಡೆ ಸ್ಟೀಲ್ ಸ್ಕೇಲಿನಿಂದ ಅಳೆದೆವು. 25 ಅಳತೆ. ಕೊಳ ಖಾಲಿ ಇರುವಾಗ ಅಳೆಯಬಾರದು, ನೀರಿನ ಭಾರಕ್ಕೆ ಗೋಡೆ ಎಷ್ಟು ಬಾಗುತ್ತದೋ ಅದೂ ಲೆಕ್ಕಕ್ಕೆ ಸಿಗಬೇಕು. ಮೇ ತಿಂಗಳಲ್ಲಿ ಒಮ್ಮೆ, ಮಳೆ ಹಿಂದೆ ಸರಿದ ಮೇಲೆ ಅಕ್ಟೋಬರ್‌ನಲ್ಲಿ ಒಮ್ಮೆ. ಎರಡೂ ಸಲ 9 ಮಿಲಿಮೀಟರ್. ಗೋಡೆ ಕೂರುತ್ತಿರಲಿಲ್ಲ.

ಮಳೆಗೆ ಮುಂಚೆ ಮುಗಿಸಿದ್ದು ಸಂಪ್. ತೊಟ್ಟಿಯ ಪಕ್ಕದಲ್ಲಿ, ಅದಕ್ಕಿಂತ ಕೆಳಗೆ, 6,000 ಲೀಟರ್ ಕಾಂಕ್ರೀಟ್ ಸಂಪ್ ಕಟ್ಟಿಸಿದೆವು. ಈ ಕೆಲಸದಲ್ಲಿ ಬ್ಯಾಲೆನ್ಸ್ ಟ್ಯಾಂಕ್ ಅನ್ನುವುದು ಇದನ್ನೇ. ತೊಟ್ಟಿಗೆ ಬಿದ್ದ ನೀರು ಆರು ಇಂಚಿನ ಪೈಪಿನಲ್ಲಿ ತಾನಾಗೇ ಸಂಪ್‌ಗೆ ಇಳಿಯುತ್ತದೆ, ಪಂಪ್ ಎಳೆಯುವುದು ಸಂಪ್‌ನಿಂದ. ಅಳತೆಗೆ ಹೀಗೆ ಕೂಡಿದೆವು: ಅಂಚು ಮಟ್ಟವಾದ ಮೇಲೆ ದಾರಿಯಲ್ಲಿರುವ ನೀರು 300 ಲೀಟರ್, 20 ಜನ ಒಟ್ಟಿಗೆ ಇಳಿದರೆ 1,300, ಆಟದ ಅಲೆಗೆ 600, ಫಿಲ್ಟರ್ ಬ್ಯಾಕ್‌ವಾಶ್‌ಗೆ (ನೀರನ್ನು ಹಿಮ್ಮುಖವಾಗಿ ಹರಿಸಿ ಫಿಲ್ಟರ್ ತೊಳೆಯಲು) 1,000, ಪಂಪ್ ಗಾಳಿ ಎಳೆಯದಂತೆ ತಳದಲ್ಲಿ ಯಾವಾಗಲೂ ಇರಬೇಕಾದದ್ದು 1,500. ಒಟ್ಟು 4,700. ಉಳಿದದ್ದು ಮುನ್ನೆಚ್ಚರಿಕೆಗೆ. ಫ್ಲೋಟ್ ಈಗ ತಳದ ಆ 1,500ರ ಗೆರೆಯ ಹತ್ತಿರ ಇದೆ. ನೀರು ಅದಕ್ಕಿಂತ ಕೆಳಗೆ ಹೋದರೆ ಮಾತ್ರ ಕೆರೆಯ ನೀರು ಬರುತ್ತದೆ. ಮಳೆನೀರನ್ನು ಹಿಡಿದಿಡಲು ಇದು ಸಾಲದು, 50 ಮಿಲಿಮೀಟರ್ ಮಳೆ ಬಂದರೆ ಕೊಳ, ತೊಟ್ಟಿ ಸೇರಿ 3,000 ಲೀಟರ್ ಮೇಲೆ ಬೀಳುತ್ತದೆ, ಮಲೆನಾಡಿನಲ್ಲಿ ಅದು ದೊಡ್ಡ ಮಳೆಯೇ ಅಲ್ಲ. ಅದು ಹೊರಗೆ ಹೋಗಲೇಬೇಕು. ಓವರ್‌ಫ್ಲೋ ಪೈಪನ್ನು ಗಿಡಗಳಿಂದ ದೂರ ಒಂದು ಇಂಗುಗುಂಡಿಗೆ ತಿರುಗಿಸಿದೆವು, ಅದರ ಬಾಯಿ ಕಣ್ಣಿಗೆ ಕಾಣುವ ಕಡೆ ಇಟ್ಟೆವು. ನೀರು ಹೋದರೆ ಗೊತ್ತಾಗಲಿ.

ಅಕ್ಟೋಬರ್‌ನಲ್ಲಿ ಅಂಚಿನ ಕಲ್ಲು ಎಬ್ಬಿಸಿ, ಅದೇ ನಿಂತ ನೀರಿನಿಂದ ಅಳೆಯುತ್ತಾ ಮತ್ತೆ ಕೂರಿಸಿದೆವು. ಮೇಸ್ತ್ರಿಗೆ ಇದು ನಾಲ್ಕು ದಿನದ ಕೆಲಸ, ದಿನಕ್ಕೆ ಮೂರು ಮೀಟರ್. ಕೂರಿಸಿದ ಮೇಲೆ ವ್ಯತ್ಯಾಸ 2 ಮಿಲಿಮೀಟರ್ ಒಳಗಿತ್ತು, ಆಮೇಲೆ ಕೈಯಿಂದ ಉಜ್ಜಿ 1ಕ್ಕೆ ತಂದರು. ಕಲ್ಲಿನ ಹೊರಬದಿಗೆ ಸ್ವಲ್ಪ ಓರೆ ಕೊಟ್ಟೆವು, ನೀರು ಗೋಡೆಗೆ ಅಂಟಿಕೊಂಡು ಸದ್ದಿಲ್ಲದೆ ಇಳಿಯಲಿ ಎಂದು. ಆ ಗೋಡೆಯ ಹೊರಮೈಗೂ ಒಳಮೈಯಷ್ಟೇ ಜೋಪಾನವಾಗಿ ವಾಟರ್‌ಪ್ರೂಫಿಂಗ್ ಬೇಕು, ಎರಡೂ ಬದಿ ನೀರೇ ಅಲ್ವಾ. ಅದನ್ನು ಮೊದಲು ಬಿಟ್ಟಿದ್ದರು.

ಒಂದೂವರೆ ಎಚ್‌ಪಿ ಪಂಪ್‌ನಲ್ಲೇ 12 ಮೀಟರ್ ಉದ್ದಕ್ಕೂ ನೀರು ಹರಿಯಿತು. ಮೂರು ಎಚ್‌ಪಿ ಪಂಪ್ ಈಗ ತೋಟದ ಬೇರೆ ಕೆಲಸಕ್ಕೆ ಹೋಗಿದೆ.

ಇನ್ನೊಂದು ವಿಷಯ, ನೀರಿನ ಲೆಕ್ಕಕ್ಕೆ ಸೇರದಿದ್ದರೂ ಹೇಳಲೇಬೇಕು. ನಾವು ಅಲ್ಲಿದ್ದಾಗ ಒಬ್ಬ ಹುಡುಗ ಸೆಲ್ಫಿಗಾಗಿ ಅಂಚಿನ ಗೋಡೆಯ ಮೇಲೆ ಹತ್ತಿ ಕೂತ. ಆಚೆ ಕೆಳಗೆ ತೊಟ್ಟಿ, ಅದರಾಚೆ ಕಣಿವೆ. ನನ್ನ ಎದೆ ಹೊಡೆದುಕೊಂಡಿತು. ಆವತ್ತೇ ತೊಟ್ಟಿಯ ಮೇಲೆ ಗಟ್ಟಿಯಾದ ಜಾಲರಿ, ತೊಟ್ಟಿಯ ಹೊರಗೋಡೆಗೆ ರೇಲಿಂಗ್ ಹಾಕುವುದು ಎಂದು ತೀರ್ಮಾನವಾಯಿತು. ಕೊಳದಿಂದ ನೋಡಿದರೆ ಆ ರೇಲಿಂಗ್ ಕಾಣುವುದಿಲ್ಲ. ಚಂದ ಕೆಡುತ್ತದೆ ಎಂಬ ಮಾತಿಗೆ ಜಾಗವೇ ಇರಲಿಲ್ಲ.

ಈಗ

ಒಣ ದಿನಗಳಲ್ಲಿ ಮೀಟರ್ 400ರಿಂದ 500 ಲೀಟರ್ ತೋರಿಸುತ್ತದೆ. ಅದರಲ್ಲಿ ಹೆಚ್ಚಿನದು ಆವಿ, ಉಳಿದದ್ದು ಜನರ ಮೈಮೇಲೆ ಹೋಗುವ ನೀರು. ಕರೆಂಟ್ ಎಷ್ಟು ಸಲ ಹೋದರೂ ಈ ಲೆಕ್ಕ ಬದಲಾಗುತ್ತಿಲ್ಲ. ಹಳದಿಯಾಗಿದ್ದ ಸಾಲಿನಲ್ಲಿ ಕೆಲವು ಗಿಡ ಚಿಗುರಿವೆ, ಕೆಲವು ಹೋದವು. ಕ್ಲೋರಿನ್‌ನಿಂದಲೋ, ಬುಡದಲ್ಲಿ ನೀರು ನಿಂತಿದ್ದರಿಂದಲೋ, ಎರಡೂ ಸೇರಿಯೋ. ಜೋರು ಗಾಳಿ ಬೀಸಿದ ದಿನ ಅಂಚಿನ ನೀರು ತೊಟ್ಟಿಯಾಚೆ ಹಾರುತ್ತದೆ, ಆಗ ಪಂಪ್ ನಿಲ್ಲಿಸಿ ಎಂದು ಹೇಳಿದ್ದೇವೆ.

ಇದಾದ ಮೇಲೆ ಹೊಸ ಕೊಳದ ಮಾತು ಬಂದಾಗ ನಾನು ಅಂಚಿನ ಚಿತ್ರವನ್ನು ಆಮೇಲೆ ನೋಡುತ್ತೇನೆ. ಮೊದಲು ಕೇಳುವುದು, ಕೊಳ ಓಡುತ್ತಿರುವಾಗ, ಜನ ತುಂಬಿರುವಾಗ, ಆ ಕ್ಷಣವೇ ಕರೆಂಟ್ ಹೋದರೆ ನೀರು ಎಲ್ಲಿ ನಿಲ್ಲುತ್ತದೆ ಎಂದು. ನಕ್ಷೆಯ ಮೇಲೆ ಆ ಜಾಗವನ್ನು ಬೆರಳಿಟ್ಟು ತೋರಿಸಲು ಆಗದಿದ್ದರೆ ಪಂಪ್‌ನ ಮಾತು ಎತ್ತುವುದಿಲ್ಲ.

ರೈಟರ್ ಈಗಲೂ ಕರೆಂಟ್ ಹೊತ್ತು ಬರೆಯುತ್ತಾರೆ, ಪಕ್ಕದ ಕಾಲಂನಲ್ಲಿ ವಾಟರ್ ಮೀಟರ್ ಓದಿದ ಲೆಕ್ಕವನ್ನೂ ಬರೆಯುತ್ತಾರೆ. ಮುಂದಿನ ಮಳೆಗಾಲ ಮುಗಿದ ಮೇಲೆ ಅಂಚಿನ 25 ಕಡೆ ಮತ್ತೊಮ್ಮೆ ಅಳೆಯಬೇಕು, ದಿನ ಈಗಲೇ ಗೊತ್ತು ಮಾಡಿಟ್ಟಿದ್ದೇವೆ.